ಮೇವಿಗೆ ಬೆರೆಸಿದ ಔಷಧಿ

ಲಕ್ಕವಳ್ಳಿಯ ತ್ರಿವೇಣಿ ಗದ್ದೆಯ ಮಗ್ಗುಲಲ್ಲಿ ಹೊಂಡ ತೋಡಿಸಿ ಸಿಹಿನೀರಿನ ಸೀಗಡಿ ಸಾಕಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಸೀಗಡಿಗಳಿಗೆ ರೋಗ ತಗುಲಿ ಸಾಯತೊಡಗಿದವು. ಮೇವಿನ ಅಂಗಡಿಯವನ ಮಾತು ಕೇಳಿ ಅವಳು ಮೇವಿಗೆ ಆಂಟಿಬಯಾಟಿಕ್ ಬೆರೆಸಿದಳು. ಸಾವು ನಿಂತಿತು. ಸೀಗಡಿ ಕೊಳ್ಳುವ ವ್ಯಾಪಾರಿಯ ಗಾಡಿ ಬರುವ ದಿನವೂ ನಿಗದಿಯಾಯಿತು.

ಅದರ ಹಿಂದಿನ ದಿನ ಬಸುರಿ ನಾದಿನಿ ಸ್ಫೂರ್ತಿ ತವರಿಗೆ ಬಂದಳು. ಸೀಗಡಿ ಸಾರು ತಿನ್ನುವ ಆಸೆ ಅವಳಿಗೆ. ಅತ್ತೆ ತಿಪ್ಪಮ್ಮ ಬುಟ್ಟಿ ಹಿಡಿದು ಹೊಂಡದತ್ತ ಹೊರಟಾಗ ತ್ರಿವೇಣಿ ತಡೆದಳು.

“ಬ್ಯಾಡ ಅತ್ತೆ. ಮೇವಿಗೆ ಹಾಕಿದ್ ಔಷಧಿ ಇನ್ನೂ ಅವುಗಳ ಮೈಯೊಳಗೇ ಇರುತ್ತೆ. ಬಸುರಿ ತಿನ್ಬಾರ್ದು.”

ತಿಪ್ಪಮ್ಮ ನಿಂತಳು. “ನಾಳೆ ಗಾಡಿಗೆ ತುಂಬ್ತೀಯಲ್ಲ, ಅದನ್ನ ತಿನ್ನೋರ ಮನೇಲಿ ಬಸುರೀರು ಇರಲ್ವೇನೇ?”

ಇಷ್ಟು ದಿನ ತ್ರಿವೇಣಿ ಸೀಗಡಿ ಉಳಿಸುವ ಯೋಚನೆಯಲ್ಲೇ ಇದ್ದಳು. ತಿನ್ನುವವರು ಮನಸ್ಸಿಗೆ ಬಂದಿರಲೇ ಇಲ್ಲ. ಸಂಜೆ ವ್ಯಾಪಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು.

“ಎಲ್ರೂ ಹಾಕ್ತಾರೆ ಕಣಮ್ಮ, ಯಾರ್ ನೋಡ್ತಾರೆ?” ಎಂದು ಅವನು ರೇಗಿದ.

“ನಾನ್ ನೋಡಿದೀನಲ್ಲಣ್ಣ. ಗಾಡಿ ಕಳಿಸ್ಬೇಡಿ.”

ಅಂದಿನಿಂದ ಅವಳು ಬರಿಯ ಮೇವನ್ನೇ ಹಾಕಿದಳು. ಕೆಲವು ಸೀಗಡಿ ಸತ್ತವು, ಅವಳು ಅತ್ತಳು. ವಾರಗಳು ಕಳೆದ ಮೇಲೆ, ಪರೀಕ್ಷೆಗೆ ಕಳಿಸಿದ ಸೀಗಡಿಯಲ್ಲಿ ಔಷಧಿ ಕಾಣಲಿಲ್ಲವೆಂದು ತಿಳಿಯಿತು. ಉಳಿದದ್ದನ್ನು ತರೀಕೆರೆಯ ಬೇರೊಬ್ಬ ವ್ಯಾಪಾರಿ ಕೊಂಡೊಯ್ದ.