ಗೇಟಿನಾಚೆಯ ಸಮಾಧಿಗಳು

ವರ್ನಿಟಾ ಮಿಶಿಗನ್‌ನ ಡೆಟ್ರಾಯಿಟ್‌ನಿಂದ ಎರಡು ದಿನ ಕಾರು ಓಡಿಸಿಕೊಂಡು ಅಲಬಾಮಾದ ಹ್ಯಾಡ್ಲೀಸ್ ಫೋರ್ಕ್ ಎಂಬ ಹಳ್ಳಿ ತಲುಪಿದಾಗ, ಅಕ್ಟೋಬರ್ ಬಂದಿದ್ದರೂ ಬಿಸಿಲು ನೆತ್ತಿ ಸುಡುತ್ತಿತ್ತು. ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದ ತಗಡಿನ ಡಬ್ಬಿ. ಅದರಲ್ಲಿ ಅವಳ ತಾಯಿ ಕ್ಲಾರಿಸ್‌ಳ ಬೂದಿ. ಸಾಯುವ ಮುಂಚೆ ಕ್ಲಾರಿಸ್ ಕೇಳಿದ್ದು ಒಂದೇ, ತನ್ನನ್ನು ತನ್ನಮ್ಮನ ಹತ್ತಿರ ಮಲಗಿಸಬೇಕೆಂದು.

ಕ್ಲಾರಿಸ್‌ಳ ಅಕ್ಕ ಒಝೆಲಾ ಮನೆ ಮುಂದಿನ ಜಗಲಿಯಲ್ಲಿ ಕೂತು ಬೀನ್ಸ್ ಸುಲಿಯುತ್ತಿದ್ದಳು. ವಯಸ್ಸು ಎಂಬತ್ತೊಂದು. ಊರ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದವಳು. ವರ್ನಿಟಾ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರೂ ತಲೆಯೆತ್ತಲಿಲ್ಲ.

“ದೊಡ್ಡಮ್ಮಾ, ನಾನು ವರ್ನಿಟಾ. ಕ್ಲಾರಿಸ್ ಮಗಳು.”

“ಗೊತ್ತು. ಮೂಗು ಅವಳದ್ದೇ.”

“ಅಮ್ಮನ್ನ ಕರ್ಕೊಂಡು ಬಂದಿದೀನಿ.”

ಒಝೆಲಾ ಡಬ್ಬಿಯತ್ತ ಕಣ್ಣು ಹಾಯಿಸಿದಳು. “ನಮ್ಮಮ್ಮ ಏಳು ತಿಂಗಳು ಹಾಸಿಗೆ ಹಿಡಿದಿದ್ಲು. ಒಂದಿನ ಬರಲಿಲ್ಲ ಇವಳು. ಮಣ್ಣಿಗೂ ಬರಲಿಲ್ಲ. ಈಗ ಡಬ್ಬೀಲಿ ಬಂದಳಾ?”

“ಕಾಗದ ಬರೀತಿದ್ಲು, ದೊಡ್ಡಮ್ಮಾ.”

“ಬರೀತಿದ್ಲು. ಕಾಗದ ಅಮ್ಮನ ಮಗ್ಗಲು ಬದಲಾಯಿಸುತ್ತಾ?”

ವರ್ನಿಟಾ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಸ್ಮಶಾನದ ದಾರಿಯನ್ನಾದರೂ ಹೇಳು ಎಂದಳು. “ಹಳೇ ಚರ್ಚಿನ ಹಿಂದೆ, ಪೈನ್ ತೋಪಲ್ಲಿ. ಆ ಜಮೀನು ಈಗ ರಾಯ್ಸ್ ಟಾಲಿವರ್‌ದು. ಹೋಗು, ಕೆಂಪು ಹಾಸು ಹಾಸಿ ಒಳಗೆ ಕರ್ಕೋತಾನೆ,” ಎಂದು ಒಝೆಲಾ ಮತ್ತೆ ಬೀನ್ಸಿಗೆ ಕೈ ಹಾಕಿದಳು.

ದಾರಿಯಲ್ಲಿ ವರ್ನಿಟಾ ಪೆಟ್ರೋಲ್ ಬಂಕಿನ ಅಂಗಡಿಗೆ ನೀರು ಕೊಳ್ಳಲು ಇಳಿದಳು. ಬೇಯಿಸಿದ ಕಡಲೆಕಾಯಿ ಮೆಲ್ಲುತ್ತಿದ್ದ ಮೂವರು ಬಿಳಿಯರ ಮಾತು ಕಪ್ಪು ಹೆಂಗಸೊಬ್ಬಳು ಒಳಬಂದದ್ದು ಕಂಡು ತಟ್ಟನೆ ನಿಂತಿತು. ಚರ್ಚಿನ ದಾರಿ ಇದೇ ತಾನೆ ಎಂದು ಕೇಳಿದರೆ, ಒಬ್ಬ ಅವಳ ಕಾರಿನ ನಂಬರು ನೋಡಿ, “ಯಾಕೆ, ಮಿಶಿಗನ್‌ನಲ್ಲಿ ದೇವರು ಮುಗಿದುಹೋದ್ನಾ?” ಎಂದ. ಉಳಿದಿಬ್ಬರು ನಕ್ಕರು. ಅಂಗಡಿಯವಳು ಚಿಲ್ಲರೆಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲೆ ತಳ್ಳಿದಳು.

ತೋಪಿನ ಗೇಟಿಗೆ ಸರಪಳಿ ಬಿಗಿದಿತ್ತು. ವರ್ನಿಟಾ ಇಳಿಯುವಷ್ಟರಲ್ಲೇ ಒಳಗಿನಿಂದ ಟ್ರಕ್ಕೊಂದು ಬಂದು ನಿಂತಿತು. ಹಿಂದೆ ಎರಡು ನಾಯಿ. ರಾಯ್ಸ್ ಇಳಿಯಲೂ ಇಲ್ಲ, ಕಿಟಕಿಯಿಂದಲೇ ಕೂಗಿದ.

“ತಿರುಗಿಸಮ್ಮ ಕಾರು. ಇದು ಬೇಟೆ ಜಾಗ.”

“ಒಳಗೆ ನಮ್ಮಜ್ಜಿ ಸಮಾಧಿ ಇದೆ.”

“ಒಳಗಿರೋದು ಜಿಂಕೆ. ಸಮಾಧಿ ಗಿಮಾಧಿ ನಾನು ಕಂಡಿಲ್ಲ.” ಅವನು ಕಿಟಕಿಯಿಂದ ಕೈ ಚಾಚಿ ಟ್ರಕ್ಕಿನ ಬಾಗಿಲು ಬಡಿದ ಕೂಡಲೇ ನಾಯಿಗಳೆರಡೂ ಗೇಟಿನ ಕಂಬಿಗೆ ಎಗರಿದವು.

ವರ್ನಿಟಾ ಕಾರು ಹತ್ತಿ ಬಾಗಿಲು ಎಳೆದುಕೊಂಡಳು. ಸೀದಾ ಡೆಟ್ರಾಯಿಟ್‌ಗೆ ಹೊರಟುಬಿಡೋಣ ಅನ್ನಿಸಿತು. ಆದರೆ ಡಬ್ಬಿಯನ್ನು ಇನ್ನೆಲ್ಲಿಗೆ ಒಯ್ಯುವುದು? ಮತ್ತೆ ದೊಡ್ಡಮ್ಮನ ಜಗಲಿಗೇ ಬಂದಳು.

“ಅಲ್ಲಿ ಸಮಾಧಿನೇ ಇಲ್ವಂತೆ.”

ಒಝೆಲಾಳ ಕೈ ನಿಂತಿತು. “ಏನಂದ?”

“ಕಂಡೇ ಇಲ್ಲ ಅಂದ.”

ಮುದುಕಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಒಳಗಿನಿಂದ ಅಡುಗೆಮನೆ ಕುರ್ಚಿಯೊಂದನ್ನೂ ಗುದ್ದಲಿಯನ್ನೂ ತಂದಳು. “ಕಾರು ತೆಗಿ,” ಎಂದಳು.

ಗೇಟಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಒಝೆಲಾ ಕೂತಳು. ಸ್ವಲ್ಪ ಹೊತ್ತಿಗೆ ಬೇಟೆಗೆ ಬಂದವರ ಎರಡು ಜೀಪು ಬಂದು ಹಿಂದೆ ನಿಂತು ಹಾರನ್ ಹೊಡೆಯತೊಡಗಿದವು. ರಾಯ್ಸ್ ಈ ಸಲ ಇಳಿದೇ ಬಂದ.

“ಮಿಸ್ ಒಝೆಲಾ, ಏಳಿ. ಬಿಸಿಲಲ್ಲಿ ಸತ್ತುಗಿತ್ತು ಹೋದೀರಿ.”

“ಸತ್ರೆ ಹೂಳೋಕೆ ಹತ್ತಿರಾನೇ ಆಯ್ತಲ್ಲ. ಶಾಲೇಲಿ ಆರು ವರ್ಷ ನಿನ್ನ ತಟ್ಟೆಗೆ ಬಡಿಸಿದೀನಿ ಕಣೋ. ನಮ್ಮಮ್ಮ ಅಲ್ಲಿಲ್ಲ ಅಂತ ನನ್ನ ಮುಖ ನೋಡಿ ಹೇಳು.”

ರಾಯ್ಸ್ ಮುಖ ನೋಡಲಿಲ್ಲ. ಫೋನ್ ತೆಗೆದು ಶೆರಿಫ್ ಕಚೇರಿಗೆ ದೂರು ಕೊಟ್ಟ. ಬಂದ ಪೊಲೀಸಿನವನಿಗೂ ಇದು ಬೇಡದ ಕೆಲಸ. ಒಝೆಲಾಳನ್ನು ನೋಡಿ ಟೋಪಿ ತೆಗೆದ, ರಾಯ್ಸ್‌ನನ್ನು ನೋಡಿ ನಿಟ್ಟುಸಿರು ಬಿಟ್ಟ. “ಹೆತ್ತವರ ಸಮಾಧಿಗೆ ಹೋಗೋರನ್ನ ತಡೆಯೋಕೆ ಕಾನೂನು ಬಿಡಲ್ಲ ರಾಯ್ಸ್. ಬೀಗ ತೆಗಿ.”

“ಒಂದು ಗಂಟೆ,” ಎಂದ ರಾಯ್ಸ್. “ಆಮೇಲೆ ನಾಯಿ ಬಿಡ್ತೀನಿ.”

ಸಮಾಧಿಗಳ ನಡುವೆಯೇ ಬೇಟೆಗೆ ಜಿಂಕೆಗಳನ್ನು ಸೆಳೆಯಲು ಮೆಕ್ಕೆಜೋಳ ಸುರಿಯುವ ಪೀಪಾಯಿ ನಿಲ್ಲಿಸಿದ್ದರು. ಕಲ್ಲುಗಳು ಮಗುಚಿ ಬಿದ್ದಿದ್ದವು. ಅಜ್ಜಿಯ ಕಲ್ಲು ಮಾತ್ರ ವಾಲಿಕೊಂಡು ನಿಂತಿತ್ತು. ಒಝೆಲಾ ಮಂಡಿಯೂರಿ ಅದರ ಮೇಲಿನ ಪೈನ್ ಮರದ ಸೂಜಿಯೆಲೆಗಳನ್ನು ಕೈಯಿಂದ ಸವರಿ ತೆಗೆದಳು. ವರ್ನಿಟಾ ಕಲ್ಲಿನ ಮಗ್ಗುಲಿಗೆ ಗುದ್ದಲಿ ಹಾಕಿದಳು.

“ಅಲ್ಲಿ ಬೇಡ. ಅದು ನನ್ನ ಜಾಗ.”

“ಆ ಕಡೆ?”

“ಆ ಕಡೆ ಅಪ್ಪ.”

“ಮತ್ತೆಲ್ಲಿ ದೊಡ್ಡಮ್ಮಾ?”

“ಕಾಲ ಹತ್ತಿರ.”

ವರ್ನಿಟಾ ಗುದ್ದಲಿಯನ್ನು ನೆಲಕ್ಕೆ ಕುಕ್ಕಿದಳು. “ಸತ್ತ ಮೇಲೂ ಶಿಕ್ಷೆನಾ?”

“ಅಮ್ಮನ ಕಾಲು ಬಾತು ಕುಂಬಳಕಾಯಿ ಆಗಿತ್ತು. ದಿನಾ ರಾತ್ರಿ ನಾನೊಬ್ಬಳೇ ತಿಕ್ತಿದ್ದೆ. ಇನ್ಮೇಲೆ ಇವಳು ತಿಕ್ಕಲಿ.”

ವರ್ನಿಟಾ ಕಾಲ ಹತ್ತಿರವೇ ಕೆಂಪು ಮಣ್ಣು ಅಗೆದಳು. ಅಂಗೈಯಲ್ಲಿ ಬೊಬ್ಬೆಯೆದ್ದು ಒಡೆಯಿತು. ಡಬ್ಬಿ ಇಳಿಸಿ ಮಣ್ಣು ಮುಚ್ಚುವವರೆಗೂ ಒಝೆಲಾ ಬೆನ್ನು ತಿರುಗಿಸಿಯೇ ನಿಂತಿದ್ದಳು. ದೂರದಲ್ಲಿ ನಾಯಿಗಳು ಬೊಗಳುತ್ತಲೇ ಇದ್ದವು.

ಮನೆ ಮುಂದೆ ಇಳಿಸಿದಾಗ ಒಝೆಲಾ ಒಳಗೆ ಬಾ ಎನ್ನಲಿಲ್ಲ, ಬಾಗಿಲು ಹಾಕಿಕೊಂಡಳು. ವರ್ನಿಟಾ ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಅಮ್ಮ ಕೇಳಿದ್ದು ನಡೆದಿತ್ತು. ಅಮ್ಮ ಈ ಊರಿನ ಒಂದು ಸುದ್ದಿಯನ್ನೂ ತನಗೆ ಯಾಕೆ ಹೇಳುತ್ತಿರಲಿಲ್ಲ ಎಂಬುದು ಈಗ ಹೊಳೆಯಿತು: ಹೇಳಿದ್ದರೆ, ಎಲ್ಲವನ್ನೂ ಅಕ್ಕನೊಬ್ಬಳ ಮೇಲೆ ಹೊರಿಸಿ ಹೋದದ್ದನ್ನೂ ಹೇಳಬೇಕಾಗುತ್ತಿತ್ತು. ಹೊಳೆದದ್ದಕ್ಕೆ, ಇದೇ ಮೊದಲ ಸಲ, ಅಮ್ಮನ ಮೇಲೆ ಅವಳಿಗೆ ಸಿಟ್ಟು ಬಂತು.