ಆಚೆ ಮನೆಯ ಟಣ್ ಟಣ್

ಕನ್ನಡಿ ಅಲುಗಿತು, ಮೊಳೆಯ ಮೇಲೆ ಚೂರೇ ಚೂರು, ಒಳಗಿದ್ದ ನನ್ನ ಮುಖವೂ ಅಲುಗಿತು – ಹೊರಗೆ ಮನೆ ಸಾಮಾನು ತುಂಬಿದ ಲಾರಿಯ ಹಾರ್ನ್, ಏನೇ, ಒಂದು ಕನ್ನಡಿ ಬಿಚ್ಚೋಕೆ ಇಷ್ಟು ಹೊತ್ತಾ, ಬಂದೆ ರೀ, ಮದುವೆಯಾದಾಗಿನಿಂದ ಇವರಿಗೆ ಅವಸರವೇ – ಲಾರಿಗೇ ಅಲುಗಿರಬೇಕು, ಇನ್ನೇನು, ಈ ಸಾಲುಮನೆಗಳಲ್ಲಿ ಒಬ್ಬರು ಸೀನಿದರೆ ಪಕ್ಕದವರು ಮೂಗು ಒರೆಸಿಕೊಳ್ಳಬೇಕು, ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸುವಾಗ ಇಟ್ಟಿಗೆ ಉಳಿಸಲು ಎರಡು ಮನೆಗೆ ಒಂದೇ ಗೋಡೆ ಎಬ್ಬಿಸಿದರಂತೆ, ಗಿರಣಿ ಮುಚ್ಚಿತು, ಗೋಡೆ ಉಳಿಯಿತು, ಅದೇ ನಮ್ಮ ಟೆಲಿಫೋನು – ಬೆಳಿಗ್ಗೆ ಎದ್ದೊಡನೆ ಆಚೆ ಮನೆಯ ನರ್ಸಕ್ಕ ಎರಡು ಸಲ ತಟ್ಟುತ್ತಿದ್ದರು, ಇದ್ದೀಯೇನೇ, ನಾನು ಒಂದು ಸಲ, ಇದ್ದೀನಿ ಅಕ್ಕಾ, ಆಮೇಲೆ ನಾನು ಈ ಕಡೆಯ ಗೋಡೆಗೆ, ಹಾಗೇ ಬೀದಿಯ ಕೊನೆಯವರೆಗೆ, ಉತ್ತರ ಬರದಿದ್ದರೆ ತಟ್ಟಿದವರು ಹುಡುಕಿಕೊಂಡು ಹೋಗಿ ಬಾಗಿಲು ಒಡೆಯಬೇಕು, ಅದೇ ಕಟ್ಟಳೆ.

ಕಟ್ಟಳೆ ಹುಟ್ಟಿದ್ದು ದರ್ಜಿಯಿಂದ, ನರ್ಸಕ್ಕನಿಗಿಂತ ಮುಂಚೆ ಅದೇ ಮನೆಯಲ್ಲಿದ್ದ ಒಂಟಿ ಜೀವ, ಹೊಸದಾಗಿ ಬಂದ ನನಗೆ ಕಿಟಕಿಯ ಪರದೆ ಹೊಲಿದುಕೊಟ್ಟು, ಉದ್ದ ಹೆಚ್ಚಾದ್ರೆ ಗೋಡೆ ತಟ್ಟು ತಂಗೀ, ಎಂದು ನಕ್ಕವನು – ಸತ್ತು ಎಷ್ಟು ದಿನವಾಗಿತ್ತೋ, ವಾಸನೆ ಬಂದಮೇಲೆ ಗೊತ್ತಾಯಿತು, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ ಬೆರಳಲ್ಲೇ ಇತ್ತು, ಪಕ್ಕದ ಗೋಡೆಯ ಸುಣ್ಣದಲ್ಲಿ ಸಣ್ಣ ಸಣ್ಣ ಗುಳಿ, ತಟ್ಟಿದ್ದಾನೆ, ಇಡೀ ಸಾಲು ಅದನ್ನು ಹೊಲಿಗೆ ಯಂತ್ರದ ಸದ್ದು ಎಂದುಕೊಂಡಿತ್ತು, ಅಯ್ಯೋ ಪಾಪ.

ಟಣ್ ಟಣ್. ಕನ್ನಡಿ ಅಲುಗಿತು. ಲಾರಿಯಲ್ಲ. ನರ್ಸಕ್ಕ ಮಗಳ ಮನೆ ಸೇರಿದರಲ್ಲ, ಮೊನ್ನೆ ಆ ಮನೆಯನ್ನೂ ಕೆಡವಿದರಲ್ಲ, ಗೋಡೆಯಾಚೆ ಈಗ ಬರೀ ಗುಂಡಿ, ನಾಳೆ ನಮ್ಮದೂ ಅಷ್ಟೇ – ಟಣ್ ಟಣ್, ಬೆರಳ ಗೆಣ್ಣಿನ ಸದ್ದಲ್ಲ, ಹಿತ್ತಾಳೆಯದು, ದೇವರೇ, ಭಯವಾಗುತ್ತಿದೆ, ಉತ್ತರ ಕೊಡದೆ ಹೋದರೆ ಹುಡುಕಿಕೊಂಡು ಬರುತ್ತಾನೆ, ಕಟ್ಟಳೆ ಕಟ್ಟಳೆಯೇ, ಹೊಸ ಮನೆಯ ಬಾಗಿಲಿಗೇ ಬರುತ್ತಾನೆ, ಕೊಟ್ಟರೆ – ಕೊಟ್ಟರೆ ಇದ್ದೀನಿ ಎಂದಂತೆ, ಇದ್ದೀನಿ ಎಂದವಳು ಎದ್ದು ಹೋಗುವುದು ಹೇಗೆ, ಬಾರೇ, ಲಾರಿಯವನು ಬೈತಿದಾನೆ, ಬಂದೆ, ಬಂದೆ, ಕನ್ನಡಿಗೆಂದು ಎತ್ತಿದ ಕೈ, ಹಾಳು ಅಭ್ಯಾಸ, ಗೋಡೆಗೆ ಹೋಯಿತು, ಒಂದೇ ಸಲ, ಟಕ್.

ಆಚೆ ಸದ್ದಡಗಿತು. ಹೊರಗೆ ಲಾರಿ ಶುರುವಾಯಿತು, ಇವರ ದನಿ, ಹಾಂ, ನಮ್ಮೋಳೂ ಹತ್ತಿದಳು, ನಡೀರಿ ಹೋಗೋಣ – ಯಾರು ಹತ್ತಿದ್ದು, ರೀ, ನಾನಿಲ್ಲೇ ಇದ್ದೀನಿ, ರೀ – ಕನ್ನಡಿ ಅಲುಗುತ್ತಿದೆ, ಖಾಲಿ ಕೋಣೆ ಕಾಣುತ್ತಿದೆ, ಪರದೆ ಕಾಣುತ್ತಿದೆ, ನನ್ನ ಮುಖವಿಲ್ಲ, ಕನ್ನಡಿ ಅಲುಗುತ್ತಿದೆ, ಕನ್ನಡಿ