ಕೊನೆಯ ಎರಡು ಅಂಕಿ

"ನಿನ್ನ ಸರದಿ ಬಂದಾಗ ನಾನು ಬಾಗಿಲಲ್ಲಿ ಬಂದು ನಿಲ್ಲೋ ತನಕ ನೀನು ಹೆರಿಗೆ ಕೋಣೆ ಒಳಗೆ ಕಾಲಿಡ್ಬೇಡ, ತಿಳೀತಾ?" ಎಂದು ಅಕ್ಕ ತಂಗಿಗೆ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಅವತ್ತು ಹೆತ್ತು ಮಲಗಿದ್ದವಳು ಅಕ್ಕ. ತಾಯಿ ಇಲ್ಲದ ಮನೆ. ಬಿಸಿನೀರಿನ ಫ್ಲಾಸ್ಕು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದವಳು ಹದಿನಾರರ ತಂಗಿ. ಒಳಗಿನ ಕೂಗನ್ನೆಲ್ಲ ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದ ಹುಡುಗಿ ಸುಣ್ಣದಂತೆ ಬಿಳಿಚಿಕೊಂಡು, "ನನಗೆ ಮದುವೇನೂ ಬೇಡ, ಮಕ್ಕಳೂ ಬೇಡ" ಅಂದಿದ್ದಳು. ಅದಕ್ಕೆ ಅಕ್ಕ ಕೊಟ್ಟ ಮಾತು ಅದು.

ಮದುವೆ ಬೇಡವೆಂದವಳಿಗೆ ಮದುವೆಯಾಯಿತು. ಎರಡು ಬಸಿರು ನಿಲ್ಲಲಿಲ್ಲ, ಮೂರನೆಯದು ನಿಂತಿತು. ಡಾಕ್ಟರು ಹೇಳಿದ ದಿನಕ್ಕೆ ಏಳು ವಾರ ಉಳಿದಿದ್ದಾಗ ಅಕ್ಕ ಪರದೇಶದಲ್ಲಿದ್ದಳು, ಅವಳ ಪಾಸ್‌ಪೋರ್ಟಿನ ಆಯಸ್ಸು ಮುಗಿದಿತ್ತು.

ಅಕ್ಕನದು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ರಫೂ ಕೆಲಸ. ಮೇಲಿನ ಮಹಡಿಗಳಲ್ಲಿ ಉಂಡವರು, ಮಲಗಿದವರು ಸಿಗರೇಟಿನಲ್ಲಿ ಸುಟ್ಟ, ಚಾಕುವಿನಲ್ಲಿ ಹರಿದ ಬಟ್ಟೆಯೆಲ್ಲ ಅವಳ ಮೇಜಿಗೆ ಇಳಿಯುತ್ತಿತ್ತು. ಅದೇ ಬಟ್ಟೆಯ ಅಂಚಿನಿಂದ ಎಳೆ ಬಿಡಿಸಿ ತೂತಿಗೆ ನೇಯುವುದು ಅವಳ ಕ್ರಮ. ಹಾಗಾಗಿ ಒಂದು ಚಿಂದಿಯನ್ನೂ ಎಸೆದವಳಲ್ಲ. ತೂತಿದ್ದ ಜಾಗವನ್ನು ಆಮೇಲೆ ಹುಡುಕಿದರೆ ಅವಳಿಗೇ ಸಿಗುತ್ತಿರಲಿಲ್ಲ.

ಗಂಡನಿಗೆ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸ, ಅದೂ ವಾರಕ್ಕೆ ಮೂರು ದಿನ. ಕೇಳಿದವರಿಗೆ "ಲಾಜಿಸ್ಟಿಕ್ಸ್" ಎನ್ನುತ್ತಿದ್ದ. ಬಾಯಿ ಮಾತ್ರ ವಾರಕ್ಕೆ ಏಳು ದಿನವೂ ದುಡಿಯುತ್ತಿತ್ತು. ಆ ದೇಶದಲ್ಲಿ ಅವನೂ ಮಗಳೂ ಇದ್ದದ್ದು ಹೆಂಡತಿಯ ವೀಸಾದ ಮೇಲೆ. ಅವಳು ಗೂಟ, ಇವರಿಬ್ಬರೂ ಅದಕ್ಕೆ ಕಟ್ಟಿದ ಕರುಗಳು. ಕರು ಗೂಟದ ಮೇಲೆ ಮೀಸೆ ತಿರುವುತ್ತಿತ್ತು ಅಷ್ಟೇ.

ಹೊಸ ಪಾಸ್‌ಪೋರ್ಟು ಕೊಡುವುದು ನಮ್ಮವರದೇ ಕಚೇರಿ. ಹಳೆಯದು ಸತ್ತಿತು ಎನ್ನುವುದಕ್ಕೆ ಅದರ ರಟ್ಟಿನ ಮೂಲೆ ಕತ್ತರಿಸಬೇಕು. ಒಳಗೆ ಜೀವವಿರುವ ವೀಸಾ ಇದ್ದರೆ ಆ ಪುಟ ಮುಟ್ಟಬಾರದು. ಕತ್ತರಿಯ ಮಹಾಶಯ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಯಾರಿಗೋ ಸೋಫಾ ಯಾವ ಬಣ್ಣದ್ದು ತರಬೇಕೆಂದು ಬುದ್ಧಿ ಹೇಳುತ್ತಿದ್ದ. ಹೇಳುತ್ತಲೇ ಪುಸ್ತಕವನ್ನು ಇಡಿಯಾಗಿ ಕತ್ತರಿಗೆ ಕೊಟ್ಟ. ರಟ್ಟು, ಪುಟ, ವೀಸಾ ಎಲ್ಲಕ್ಕೂ ಒಂದೇ ನ್ಯಾಯ. ಮೇಜಿನ ಮೇಲೆ ಉದುರಿದ ತ್ರಿಕೋನಗಳನ್ನು ಅವಳು ರೂಢಿಯಂತೆ ಬಳಿದುಕೊಂಡು ಸೂಜಿ ಡಬ್ಬಿಗೆ ಹಾಕಿಕೊಂಡಳು. "ಕಸ ಆಯೋಕೆ ಬೇರೆ ಜನ ಇದಾರಮ್ಮಾ" ಎಂದು ಅವನು ನಕ್ಕ.

ವೀಸಾವನ್ನು ಹಳೆಯದರಿಂದ ಹೊಸದಕ್ಕೆ ವರ್ಗಾಯಿಸುವುದು ಆ ದೇಶದವರ ಕಚೇರಿ. ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಕಿಟಕಿಗೆ ಗಾಜು, ಗಾಜಿಗೆ ಅಂಗೈಯಷ್ಟು ಕಂಡಿ. ಎರಡೂವರೆ ಗಂಟೆ ಕೂತು ಕಂಡಿಗೆ ಬಾಯಿಟ್ಟರೆ ಒಳಗಿದ್ದ ಗುಮಾಸ್ತ ಪುಟ ತಿರುವಿ, "ವೀಸಾ ನಂಬರಿನ ಕೊನೆಯ ಎರಡು ಅಂಕಿ ಇಲ್ಲ" ಎಂದ.

"ನಿಮ್ಮ ಕಂಪ್ಯೂಟರಲ್ಲಿ ಇರುತ್ತಲ್ಲಾ?"

"ಇದೆ. ನನಗೆ ಕಾಣ್ತಾ ಇದೆ."

"ಮತ್ತೆ?"

"ಪುಟದಲ್ಲಿ ಇಲ್ಲ."

ಕತ್ತರಿಸಿದವರಿಂದ ಪತ್ರ ತರಬೇಕಂತೆ. ಅವಳು ರಜೆ ಹಾಕಿ ಸೋಫಾ ಮಹಾಶಯನ ಮುಂದೆ ಹೋಗಿ ನಿಂತಳು. ಅವನು ಕತ್ತರಿಯನ್ನೇ ಎತ್ತಿ ತೋರಿಸಿ, "ನಾವು ಕತ್ತರಿಸೋದು ಮಾತ್ರ. ಪತ್ರ ಬರೆಯೋದು ನಮ್ಮ ವಿಭಾಗ ಅಲ್ಲ" ಎಂದ. ಯಾವ ವಿಭಾಗವೆಂದರೆ, ಅದು ಅವನ ವಿಭಾಗಕ್ಕೆ ಗೊತ್ತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗಳೇ ಇಬ್ಬರು, ಒಬ್ಬನ ಗಂಟೆ ಇನ್ನೊಬ್ಬನಿಗೆ ಕೇಳದು. ಹೀಗೆ ಮೂರು ವಾರ ಮಣ್ಣಾಯಿತು.

"ಏನಕ್ಕಾ, ಬಾಗಿಲ ಹತ್ರ ನಿನಗೊಂದು ಕುರ್ಚಿ ಹಾಕಿಸಿಡ್ಲಾ?" ಎಂದು ತಂಗಿ ಫೋನಿನಲ್ಲಿ ಕೇಳಿದಳು. ತಮಾಷೆಯಂತೆ ಶುರುವಾದ ದನಿ ಕೊನೆಗೆ ತಮಾಷೆಯಾಗಿ ಉಳಿದಿರಲಿಲ್ಲ. "ಈ ಸಲಾನೂ ಏನಾದ್ರೂ ಆದ್ರೆ ಅಂತ ಭಯ ಕಣೇ."

"ಬಾಯಿ ಮುಚ್ಚು. ಬರ್ತೀನಿ ಅಂದ್ಮೇಲೆ ಬರ್ತೀನಿ."

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂತು ಅಕ್ಕ ಸೂಜಿ ಡಬ್ಬಿ ತೆರೆದಳು. ತ್ರಿಕೋನಗಳಲ್ಲಿ ಎರಡು ಅಂಕಿಯಿದ್ದ ಚೂರು ಸಿಕ್ಕಿತು. ಕೂದಲಿಗಿಂತ ತೆಳ್ಳಗಿನ ರೇಷ್ಮೆ ಎಳೆ, ಮಣಿ ಪೋಣಿಸುವ ಸೂಜಿ. ಅರ್ಜಿಯ ನಿಯಮಗಳನ್ನು ಫೋನಿನಲ್ಲಿ ಓದುತ್ತಿದ್ದ ಮಗಳು ತಲೆಯೆತ್ತಿದಳು.

"ಅಮ್ಮಾ, ಪುಟಗಳನ್ನ ತಿದ್ದಬಾರದು ಅಂತಿದೆ."

"ನಾನೆಲ್ಲಿ ತಿದ್ದುತ್ತಾ ಇದೀನಿ ಪುಟ್ಟೀ? ಹೊಲೀತಾ ಇದೀನಿ."

ಎರಡೂ ಒಂದೇ ಎಂದು ಹೇಳುವವರು ಆ ಮನೆಯಲ್ಲಿ ಯಾರಿದ್ದರು? ಇಪ್ಪತ್ತು ವರ್ಷ ಹರಿದದ್ದನ್ನು ಸೇರಿಸಿ ಶಹಬ್ಬಾಸ್ ಅನ್ನಿಸಿಕೊಂಡವಳು. ಹರಿದದ್ದನ್ನು ಹರಿದ ಹಾಗೇ ಕೊಡುವುದು ಅವಳ ಕಣ್ಣಿಗೆ ಸೋಮಾರಿತನ. ಸಂಜೆಯ ಹೊತ್ತಿಗೆ ಮೂಲೆ ಕೂಡಿಕೊಂಡಿತು. ಗಂಡ ಪುಟವನ್ನು ಆಚೆ ಈಚೆ ತಿರುಗಿಸಿ, "ಎಲ್ಲಿದೆಯೇ ಹೊಲಿಗೆ?" ಎಂದು ಬೆರಗಾದ. ಅವಳಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ.

"ನಾಳೆ ಅಲ್ಲಿ ನೀನು ಮಾತಾಡ್ಬೇಡ ಅಪ್ಪ" ಎಂದು ಮಗಳು ಮಲಗುವ ಮುಂಚೆ ಎರಡು ಸಲ ಹೇಳಿದಳು.

"ನಾನ್ಯಾಕೆ ಮಾತಾಡ್ಲಿ!"

ಮಾರನೆಯ ದಿನ ಗಾಜಿನ ಹಿಂದೆ ಬೇರೆ ಗುಮಾಸ್ತೆ. ಮೊದಲಿನವನು ಬರೆದ ಟಿಪ್ಪಣಿ ಎಲ್ಲಿತ್ತೋ, ಇವಳು ಹುಡುಕಲಿಲ್ಲ. ಹಳೆಯ ಪುಸ್ತಕ ತೆರೆದಳು, ಅಂಕಿ ಓದಿದಳು, ಪರದೆ ನೋಡಿದಳು, ತಲೆಯಾಡಿಸಿದಳು. ಹೊಸ ಪುಸ್ತಕದ ಖಾಲಿ ಪುಟ ಬಿಡಿಸಿ, ಅಂಟಿಸುವ ವೀಸಾ ಚೀಟಿಯ ಹಿಂದಿನ ಕಾಗದವನ್ನು ಉಗುರಿನಿಂದ ಎತ್ತಿದಳು. ಅಕ್ಕನ ಕಣ್ಣಿಗೆ ಆಸ್ಪತ್ರೆಯ ಬಾಗಿಲು ಕಂಡಿತು, ಕುರ್ಚಿಯೂ ಕಂಡಿತು.

ಆಗ ಗಂಡ ಕಂಡಿಗೆ ಬಾಯಿ ಹಚ್ಚಿದ.

"ಮೇಡಂ, ಹೊಲಿಗೆ ಎಲ್ಲಿದೆ ಹೇಳಿ ನೋಡೋಣ!"

ಉಗುರು ನಿಂತಿತು. "ಯಾವ ಹೊಲಿಗೆ?"

"ಅದೇ ನೋಡಿ, ಕಾಣಲ್ಲ ಅಲ್ವಾ!" ಎಂದು ಅವನು ಗೆದ್ದವನಂತೆ ಹಿಂದಿನ ಸರದಿಯವರ ಕಡೆಗೂ ಒಮ್ಮೆ ತಿರುಗಿದ. "ನನ್ನ ಹೆಂಡತಿ ಕೈಕೆಲಸ. ಇಂಥ ಕೈ ಈ ದೇಶದಲ್ಲೇ ಇನ್ನೊಂದಿಲ್ಲ."

ಗುಮಾಸ್ತೆ ಪುಟವನ್ನು ದೀಪಕ್ಕೆ ಹಿಡಿದಳು. ಬಟ್ಟೆಯಲ್ಲಿ ಮುಚ್ಚಿಹೋಗುವ ಸೂಜಿಯ ಗುರುತು ಕಾಗದದಲ್ಲಿ ಮುಚ್ಚುವುದಿಲ್ಲ. ಬೆಳಕಿಗೆ ಹಿಡಿದರೆ ಸಾಲಾಗಿ ಚುಕ್ಕೆ. ಅವಳು ಚೀಟಿಯನ್ನು ಮತ್ತೆ ಅದರ ಕಾಗದಕ್ಕೆ ಒತ್ತಿದಳು, ಹಳೆಯ ಪುಸ್ತಕವನ್ನು ಕಂದು ಲಕೋಟೆಗೆ ಹಾಕಿದಳು, ಹೊಸದನ್ನು ಖಾಲಿಯಾಗಿಯೇ ಕಂಡಿಯಿಂದ ಈಚೆಗೆ ತಳ್ಳಿದಳು.

"ತಿದ್ದಿದ ದಾಖಲೆ. ಪರಿಶೀಲನೆಗೆ ಹೋಗುತ್ತೆ. ಎಂಟು ವಾರ."

"ನನ್ನ ತಂಗಿ ಹೆರಿಗೆ ಇದೆ" ಎಂದಳು ಅಕ್ಕ. "ನಾಲ್ಕೇ ವಾರ ಇರೋದು."

"ಹೋಗೋಕೆ ಅಡ್ಡಿ ಇಲ್ಲ. ವಾಪಸ್ ಬರೋಕೆ ಮಾತ್ರ ಆಗಲ್ಲ. ನೀವು ಹೋದ್ರೆ ನಿಮ್ಮ ವೀಸಾ ಮೇಲಿರೋರೂ ಇಲ್ಲಿ ಇರೋ ಹಾಗಿಲ್ಲ."

ಬಸ್ಸಿನಲ್ಲಿ ಗಂಡ ಆರು ನಿಲ್ದಾಣ ಸುಮ್ಮನಿದ್ದ. ಅದು ಅವನ ಜೀವಮಾನದ ದಾಖಲೆ. ಏಳನೆಯದರಲ್ಲಿ, "ನಿನ್ನನ್ನ ಹೊಗಳಿದ್ದು ತಪ್ಪಾ?" ಎಂದ.

"ಹದಿಮೂರು ವರ್ಷದಲ್ಲಿ ಮನೆಯೊಳಗೆ ಒಂದು ಸಲ ಹೊಗಳಿದ್ರೆ ಸಾಕಾಗಿತ್ತು" ಎಂದಳು ಅವಳು. "ಅಲ್ಲೇ ತೀಟೆ ತೀರೋದು."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಮನೆಯಲ್ಲಿ ತೂತಿನ ಪಾಲು ಅವಳದು, ಮಾತಿನ ಪಾಲು ಅವನದು. ಕೆಲಸ ಹಂಚಿಕೊಂಡ ಸಂಸಾರ. ಲಕೋಟೆ ಕೊನೆಗೂ ತಿರುಗಿ ಬಂತು ಅನ್ನಿ, ಎಂಟಕ್ಕೆ ಹನ್ನೊಂದು ವಾರ ಮಾಡಿಕೊಂಡು. ಅಂಕಿಗಳು ಅವಳದೇ, ಚೂರು ಅದೇ ಪುಟದ್ದೇ, ತೊಂದರೆಯಿಲ್ಲ ಎಂದು ಒಂದೂವರೆ ಸಾಲು. ಕಂಪ್ಯೂಟರಿಗೆ ಮೊದಲ ದಿನವೇ ಗೊತ್ತಿದ್ದದ್ದು ಮನುಷ್ಯರಿಗೆ ಗೊತ್ತಾಗಲು ಅಷ್ಟು ಹೊತ್ತು ಬೇಕಾಯಿತು.

ಆದರೆ ಅದಕ್ಕೆ ಮುಂಚೆ ಆ ನಾಲ್ಕು ವಾರ ಕಳೆಯಬೇಕಿತ್ತು. ಅಕ್ಕ ಎರಡು ಸಲ ಪೆಟ್ಟಿಗೆ ಕೆಳಗಿಳಿಸಿದಳು, ಎರಡು ಸಲ ಮೇಲಿಟ್ಟಳು. ಒಂದು ಬೆಳಿಗ್ಗೆ ಮಗಳು ಶಾಲೆಯ ಚೀಲ ಹೆಗಲಿಗೇರಿಸುತ್ತಾ, "ನಾವು ಹೋಗ್ತಾ ಇದೀವಾ ಅಮ್ಮ? ಪರೀಕ್ಷೆಗೆ ಹೆಸರು ಕೊಡ್ಲೋ ಬೇಡ್ವೋ?" ಎಂದು ಕೇಳಿದಳು. ಕೊಡು ಎಂದಳು. ಪೆಟ್ಟಿಗೆ ಮತ್ತೆ ಇಳಿಯಲಿಲ್ಲ.

ಫೋನು ಬಂದಾಗ ಅವಳು ನೆಲಮಾಳಿಗೆಯಲ್ಲಿ ಯಾರದೋ ಮದುವೆಯೂಟದ ಮೇಜುಬಟ್ಟೆಯ ತೂತಿಗೆ ಎಳೆ ಬಿಡಿಸುತ್ತಿದ್ದಳು.

"ಅಕ್ಕಾ, ಒಳಗೆ ಕರೀತಾ ಇದಾರೆ. ನೀನು ಬರೋ ತನಕ ಕಾಲಿಡ್ಬೇಡ ಅಂದಿದ್ದೆ. ಏನು ಮಾಡ್ಲಿ?"

"ಹೋಗು" ಎಂದಳು ಅಕ್ಕ.

ತಂಗಿ ಒಳಗೆ ಹೋದಳು. ಬಾಗಿಲಲ್ಲಿ ಅಕ್ಕ ಇರಲಿಲ್ಲ.